ಪಾವತಿಯ ಮೇಲಿನ ಹೆಸರು

ಮಲಪ್ರಭೆಯ ಕಾಲುವೆ ಬಾದಾಮಿ ಸೀಮೆಯ ಆ ಊರಿನ ಅಂಚಿಗೆ ಬಂದಿತ್ತು, ನೀರು ಬಂದಿರಲಿಲ್ಲ. ನೀರಿಗಿಂತ ಮುಂಚೆ ನೀರಾವರಿಯ ಕರ ಬಂತು. ಎಂಬತ್ತರ ಮಳೆಗಾಲದಲ್ಲಿ ಊರ ಗಂಡಸರೆಲ್ಲ ಬೀರಪ್ಪನ ಗುಡಿಯಲ್ಲಿ ದೇವರ ಅರಿಸಿನದ ಭಂಡಾರ ಮುಟ್ಟಿ, ಒಂದು ದಮ್ಮಡಿಯನ್ನೂ ಕಟ್ಟುವುದಿಲ್ಲವೆಂದು ಆಣೆ ಮಾಡಿದರು. ಜಪ್ತಿಗೆ ಬಂದ ಜೀಪಿಗೆ ಅಡ್ಡ ಮಲಗಿದ ಕಾಳಪ್ಪ ಬಾಗಲಕೋಟೆಯ ಜೇಲು ಸೇರಿ ಇಪ್ಪತ್ತು ದಿನವಾಗಿತ್ತು. ಹತ್ತು ದಿನದಿಂದ ಜ್ವರ.

ಜಾಮೀನಿಗೆ ಹೊಲದ ಉತಾರ, ಅಂದರೆ ಪಹಣಿಯ ನಕಲು, ಬೇಕೆಂದರು ವಕೀಲರು. ಕಾಳಪ್ಪನ ಹೆಂಡತಿ ರಂಗವ್ವ ಚಾವಡಿಗೆ ಬಂದಳು.

"ಬಾಕಿ ಇದ್ದವರಿಗೆ ಉತಾರ ಕೊಡಬ್ಯಾಡ ಅಂತ ಮ್ಯಾಲಿನ ಹುಕುಂ ಐತಿ, ತಂಗಿ. ಊರಿಗೂರ ಬಾಕಿ," ಎಂದ ಊರ ಕಂದಾಯದ ಲೆಕ್ಕ ಬರೆಯುವ ತಲಾಟಿ ಬಸಯ್ಯ, ಕಣ್ಣೆತ್ತದೆ.

"ಅಲ್ರಿ ಅಯ್ಯಾರ, ಕರ ಕಟ್ಟಾಂಗಿಲ್ಲ ಅಂದದ್ದಕ್ಕ ನಮ್ಮ ಮನಿಯವರನ್ನ ಒಳಗ ಹಾಕೀರಿ. ಹೊರಗ ತರಾಕ ಕರ ಕಟ್ಟು ಅಂತೀರಿ. ಇದ್ಯಾವ ಬೋನರಿ?"

"ಬೋನು ನಾ ಇಟ್ಟಿಲ್ಲವ್ವಾ. ನಾನೂ ಅದರಾಗ ಅದೇನಿ. ಊರಾಗ ನನಗ ನೀರು ಸೇದಾಕ ಸೈತ ಬಿಡವಲ್ರು."

ರಂಗವ್ವ ಸೊಂಟದ ಗಂಟು ಬಿಚ್ಚಿದಳು. ತವರಿನವರು ಕೊಟ್ಟ ಎರಡು ಕುರಿ ಮಾರಿದ ರೊಕ್ಕ. ದಾರಿಯುದ್ದಕ್ಕೂ ದೇವರೊಡನೆ ವಾದಿಸಿಕೊಂಡೇ ಬಂದಿದ್ದಳು.

"ಭಂಡಾರ ಮುಟ್ಟಿದವರು ಗಂಡಸರು. ನಾ ಹೊಸ್ತಿಲ ಹೊರಗ ನಿಂತಾಕಿ. ನನ್ನ ಕುರಿ, ನನ್ನ ರೊಕ್ಕ. ನನ್ನ ಹೆಸರಿಲೆ ಪಾವತಿ ಹರೀರಿ."

ಬಸಯ್ಯ ರಸೀದಿ ಪುಸ್ತಕ ತೆರೆದ. ಲೇಖನಿ ಕಾಗದ ಮುಟ್ಟುವ ಮೊದಲೇ ನಿಂತಿತು.

"ಹೊಲ ಕಾಳಪ್ಪನ ಹೆಸರಿಗೆ ಐತಲ್ಲವ್ವಾ. ಯಾರು ಕೊಟ್ಟರೂ, ಕಾಳಪ್ಪ ಕಟ್ಟಿದ ಅಂತನ ಬರೀಬೇಕು."

ಜೇಲಿನಲ್ಲೂ ಕಟ್ಟುತ್ತೇನೆಂದು ಬಾಯಿ ತೆರೆಯದ ಮನುಷ್ಯ ಇಲ್ಲಿ ಕಾಗದದ ಮೇಲೆ ಆಣೆ ಮುರಿಯುತ್ತಾನೆ! ರಂಗವ್ವನ ಕೈ ರೊಕ್ಕದ ಮೇಲೆಯೇ ಬಹಳ ಹೊತ್ತು ಉಳಿಯಿತು. ಆಮೇಲೆ ಅದನ್ನು ಮತ್ತೆ ಗಂಟು ಕಟ್ಟಿಕೊಂಡಳು.

ಮರುದಿನ ಜೇಲಿನ ಸರಳಿನಾಚೆ ಕಾಳಪ್ಪ ಮೊದಲು ಕೇಳಿದ್ದೇ ಅದನ್ನು: "ಊರಾಗ ಯಾರರ ಕಟ್ಟಿದರೇನ?"

"ಇಲ್ಲ."

"ನಿಮ್ಮಣ್ಣ? ಅಂವ ಪೋಲೀಸರ ಟೊಪಿಗಿ ಕಂಡರ ಕಣಜದಾಗ ಅಡಗಿ ಕೂಡ್ರಾಂವ."

"ಅಂವನೂ ಕಟ್ಟಿಲ್ಲ."

ಕಾಳಪ್ಪ ನಕ್ಕ. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಸರಳು ಹಿಡಿದುಕೊಂಡ. "ಬೀರಪ್ಪ ದೊಡ್ಡಾಂವ. ಉತಾರ ಸಿಕ್ಕಿತಿಲ್ಲೋ?"

"ಕಂಬಳಿ ತಂದೇನಿ, ತಗೋರಿ," ಎಂದಳು ರಂಗವ್ವ.

ಕಂಬಳಿ ದಪ್ಪನೆಯದು, ಸರಳುಗಳ ನಡುವೆ ಸುಲಭಕ್ಕೆ ಹೋಗಲಿಲ್ಲ. ಅವಳು ಹೊರಗಿನಿಂದ ತುರುಕಿದಳು, ಅವನು ಒಳಗಿನಿಂದ ಎಳೆದುಕೊಂಡ.