ಖುದ್ದು ಹಾಜರಿ

“ಆ ಸಿಸ್ಟ್ರು ಸತ್ತೋದ್ರಂತೆ ಕಣವ್ವ,” ಎಂದಳು ಒಂಬತ್ತನೇ ಹಾಸಿಗೆಯ ಮಲ್ಲಿಗಮ್ಮ.

ಯಾವ ಸಿಸ್ಟರೆಂದು ಮಂಗಳಗೌರಿ ಕೇಳಿದಳು. ಕಣ್ಣು ಕೈಯಲ್ಲಿದ್ದ ಚಾರ್ಟಿನ ಮೇಲೆಯೇ ಇತ್ತು.

ಗುಂಡ್ಲುಪೇಟೆ ಆಸ್ಪತ್ರೆಯಲ್ಲಿದ್ದ ಮಂಗಳಗೌರಿ ಸಿಸ್ಟರು ಎಂದಳು ಮುದುಕಿ. ಇಪ್ಪತ್ತು ವರ್ಷದ ಕೆಳಗೆ ಭೀಮನಬೀಡಿನಿಂದ ಸೊಸೆಯನ್ನು ಹೆರಿಗೆಗೆ ಕರೆತಂದಿದ್ದಾಗ, ಆ ಸಿಸ್ಟರು ಬೆಳಗಿನಿಂದ ಸಂಜೆಯವರೆಗೂ ಸೊಸೆಯ ಪಕ್ಕ ಬಿಟ್ಟು ಕದಲಲಿಲ್ಲವಂತೆ. ಮಗು ಅಳದೆ ಹೋದಾಗ ಅದರ ಬಾಯಿಗೆ ತನ್ನ ಬಾಯಿಟ್ಟು ಉಸಿರು ಊದಿದಳಂತೆ.

ಮಂಗಳಗೌರಿಗೆ ಆ ಮಗು ನೆನಪಿತ್ತು. ನೀಲಿಗಟ್ಟಿದ ಸಣ್ಣ ಮುಖ.

“ಅದು ನಾನೇ, ಅಜ್ಜಿ.”

ಮಲ್ಲಿಗಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮಕ್ಕಳ ಸುಳ್ಳನ್ನು ಮನ್ನಿಸುವವಳಂತೆ ನಕ್ಕು, “ಇರ್ಲಿ ಬುಡವ್ವ,” ಎಂದು ಗೋಡೆಯ ಕಡೆ ಹೊರಳಿದಳು.

ಮಲ್ಲಿಗಮ್ಮ ಎರಡು ದಿನದಿಂದ ಊಟ ಮುಟ್ಟಿಲ್ಲವೆಂದು ಕಾವ್ಯಶ್ರೀ ಬಂದು ಹೇಳಿದಳು. ಹೊಸ ನರ್ಸು, ಇನ್ನೂ ರೋಗಿಗಳ ಹೆಸರು ಹಿಡಿದು ಮಾತಾಡುತ್ತಿದ್ದಳು. ಚಾರ್ಟಿನಲ್ಲಿ ಬರೆ ಎಂದಳು ಮಂಗಳಗೌರಿ.

ಗುಂಡ್ಲುಪೇಟೆಯಲ್ಲಿ ಗುತ್ತಿಗೆ ನರ್ಸು, ಆಮೇಲೆ ಕಾಯಂ. ವರ್ಗವಾಗಿ ಚಾಮರಾಜನಗರ. ಹನ್ನೊಂದು ವರ್ಷದಿಂದ ವಾರ್ಡಿನ ಇನ್‌ಚಾರ್ಜು. ಎಲ್ಲರೂ ಇನ್‌ಚಾರ್ಜ್ ಮೇಡಂ ಎನ್ನುತ್ತಿದ್ದರು. ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮೊದಲು ಬೇರೆಯವರಿಂದ ಸೂಜಿ ಹಾಕಿಸಿದಳು, ನಂತರ ಬೇರೆಯವರಿಂದ ಸಮಾಧಾನ ಹೇಳಿಸಿದಳು. ಈಗ ಸೂಪರಿಂಟೆಂಡೆಂಟ್ ಬಡ್ತಿ ಬಂದಿತ್ತು. ಇನ್ನು ಅವಳಿಗೊಂದು ಕೋಣೆ, ಬಾಗಿಲಿಗೊಂದು ಪರದೆ. ಒಪ್ಪಿಗೆ ಕೊಡಲು ನಾಳೆ ಕಡೆಯ ದಿನ. ಅದರ ಜೊತೆ ಹಳೆಯ ಸೇವೆಯ ದೃಢೀಕರಣವೂ ಬೇಕಿತ್ತು.

ಹನ್ನೊಂದರ ಬಸ್ಸಿಗೆ ಗುಂಡ್ಲುಪೇಟೆಗೆ ಹೊರಟಳು.

ಅಲ್ಲಿನ ಆಸ್ಪತ್ರೆಯ ಕಚೇರಿಯಲ್ಲಿ ಗುಮಾಸ್ತ ಗಂಗಾಧರಸ್ವಾಮಿ ಅವಳ ಅರ್ಜಿಯನ್ನು ಎರಡು ಸಲ ಓದಿದ. ತಲೆ ಎತ್ತಲಿಲ್ಲ.

“ಮಂಗಳಗೌರಿಯವ್ರೇ ಖುದ್ದು ಬರ್ಬೇಕು. ಬೇರೆಯವ್ರ ಕೈಗೆ ಕೊಡಕ್ಕಾಗಲ್ಲ.”

ಗುರುತಿನ ಚೀಟಿ ಚೀಲದಲ್ಲೇ ಇತ್ತು. ಕೈ ಚೀಲದವರೆಗೆ ಹೋಗಿ ನಿಂತಿತು.

“ಅವ್ರಿಗೆ ಹೇಳ್ತೀನಿ,” ಎಂದಳು.

ಹೊರಗಿನ ಬಿಸಿಲಿಗೆ ಬಂದ ಮೇಲೆ, ಯಾಕೆ ಹಾಗೆಂದೆ ಎಂದು ತಡಕಾಡಿದಳು. ಹಗುರವೆನ್ನಿಸಿತು. ಆ ಹಗುರವೇ ಅವಳನ್ನು ಹೆದರಿಸಿತು.

ವಾಪಸು ಬರುವಾಗ ತೆರಕಣಾಂಬಿ ದಾಟುತ್ತಲೇ ಮುಂದಿನ ಸೀಟಿನ ಹೆಂಗಸು ಪಕ್ಕಕ್ಕೆ ವಾಲಿ ಕುಸಿದಳು. ಬಸ್ಸು ನಿಂತಿತು. ಆಸ್ಪತ್ರೆಯವರು ಯಾರಾದರೂ ಇದ್ದಾರಾ ಎಂದು ಕಂಡಕ್ಟರ್ ಕೇಳಿದ. ಮಂಗಳಗೌರಿ ಒಂದು ಕ್ಷಣ ಬೇರೆ ಯಾರಾದರೂ ಏಳುತ್ತಾರೇನೋ ಎಂದು ಕಾದಳು. ಆಮೇಲೆ ತಾನೇ ಎದ್ದಳು.

ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟಳು. ನಾಡಿ ಸಿಗಲಿಲ್ಲ. ಇನ್ನೊಂದು ಕೈ ಹಿಡಿದಳು. ಕತ್ತಿನ ಪಕ್ಕ ಒತ್ತಿದಳು. ಅಲ್ಲೂ ಏನಿಲ್ಲ.

ಅಷ್ಟರಲ್ಲಿ ಹೆಂಗಸು ಕಣ್ಣು ಬಿಟ್ಟಳು.

“ಬೆಳಗ್ಗಿಂದ ಏನೂ ತಿಂದಿರ್ನಿಲ್ಲ ಕಣಮ್ಮ,” ಎಂದು ನಾಚಿಕೊಂಡಳು. ಯಾರೋ ಕೊಟ್ಟ ನೀರನ್ನು ಗಟಗಟ ಕುಡಿದಳು. ಕೆನ್ನೆಗೆ ಬಣ್ಣ ಮರಳಿತು. ಸುತ್ತಲಿದ್ದವರು ನಕ್ಕರು, ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು.

ಮಂಗಳಗೌರಿ ಮತ್ತೆ ಮಣಿಕಟ್ಟು ಹಿಡಿದಳು. ಕೈ ಬೆಚ್ಚಗಿತ್ತು, ಅವಳ ಬೆರಳಿಗೆ ಮಾತ್ರ ಮಿಡಿತ ತಾಗಲಿಲ್ಲ.

“ಸರಿಯೋಯ್ತು, ಬುಡೀಮ್ಮ.” ಹೆಂಗಸು ಮೆಲ್ಲಗೆ ಕೈ ಎಳೆದುಕೊಳ್ಳಲು ನೋಡಿದಳು.

ಮಂಗಳಗೌರಿ ಬಿಡಲಿಲ್ಲ. ಗಡಿಯಾರ ನೋಡುತ್ತ, ಎಣಿಸಲು ತುಟಿ ತೆರೆದು ನಿಂತೇ ಇದ್ದಳು. ಸೆಕೆಂಡಿನ ಮುಳ್ಳು ಮೂರನೇ ಸುತ್ತಿನಲ್ಲಿತ್ತು. ಅವಳಿನ್ನೂ ಒಂದು ಎಂದಿರಲಿಲ್ಲ.