ಎಡಗೈ ಕ್ಲಚ್

"ಲಿವರ್ ಎಲ್ಲಿ?"

ಡ್ರೈವರ್ ಸೀಟಿನಲ್ಲಿ ಕುಳಿತ ಯಶಶ್ರೀ ಗೇರ್ ರಾಡನ್ನು ತಡವಿದಳು. ನಿನ್ನೆಯವರೆಗೂ ಅಲ್ಲಿ ಹಳೇ ಸ್ಕೂಟರಿನ ಕ್ಲಚ್ ಲಿವರ್ ಇತ್ತು. ಅಪಘಾತವಾದ ಮೇಲೆ ಅವಳ ಎಡಗಾಲು ಮಡಚುತ್ತಿರಲಿಲ್ಲ. ಅದಕ್ಕೇ ಚಾಮರಾಜಪೇಟೆಯ ಕ್ಲಬ್ಬಿನವರು, ತುಕ್ಕು ತಿಂದು ಬಿದ್ದಿದ್ದ ಈ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ಜೀವ ಕೊಡುವಾಗ, ಕ್ಲಚ್ಚನ್ನು ಕಾಲಿನಿಂದ ಕೈಗೆ ತಂದಿದ್ದರು. ವರ್ಷವಿಡೀ ಭಾನುವಾರಗಳನ್ನೆಲ್ಲ ಶೆಡ್ಡಿಗೇ ಸುರಿದವಳು ಅವಳು. ಇವತ್ತು ಹಳೇ ಕಾರುಗಳ ಸ್ಪರ್ಧೆ ನಡೆಯುವ ಬಸವನಗುಡಿಯ ಮೈದಾನದವರೆಗೆ ಅವಳೇ ಓಡಿಸಬೇಕೆಂದು ಮಾತಾಗಿತ್ತು.

ಅವಳ ಜೊತೆಯಲ್ಲೇ ಕೆಲಸ ಮಾಡಿದ್ದ ಗೆಳೆಯ ಕಶ್ಯಪ್ ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ತಲೆ ಎತ್ತಲಿಲ್ಲ.

"ನಿನ್ನೆ ಸಂಜೆ ಬಿಚ್ಬಿಟ್ಟು ಹಳೇ ಪೆಡಲ್ಲೇ ಹಾಕ್ದೆ ಕಣೇ. ಜಡ್ಜ್‌ಗಳು ಎಲ್ಲಾ ಒರಿಜಿನಲ್ಲೇ ಇರ್ಬೇಕು ಅಂತಾರಂತೆ. ನಾಳೆನೇ ವಾಪಸ್ ಹಾಕ್ಕೊಡ್ತೀನಿ."

"ಯಾರು ಹೇಳಿದ್ದು?"

"ನಾನೇ ಹೇಳ್ದೆ," ಎಂದರು ಕ್ಲಬ್ಬಿನ ಅಧ್ಯಕ್ಷ ವಿಶ್ವಾರಾಧ್ಯ. ಮದುವೆ ಗಂಡಿನ ಹಾಗೆ ಜರಿಪೇಟ ಬೇರೆ ಇಟ್ಟುಕೊಂಡು ಬಂದಿದ್ದರು. "ಕಶ್ಯಪ್ ಓಡಿಸ್ಲಿ. ನೀವು ಪಕ್ಕದಲ್ಲಿ ಕೂತ್ಕೊಂಡು ಜನಕ್ಕೆ ಕೈ ಬೀಸಿಮ್ಮಾ. ಫೋಟೋದಲ್ಲಿ ಚೆನ್ನಾಗಿರತ್ತೆ."

ಯಶಶ್ರೀಗೆ ಮೈಯೆಲ್ಲ ಉರಿದುಹೋಯಿತು. ಕೈ ಬೀಸಬೇಕಂತೆ! ಗ್ರೀಸು ಮೆತ್ತಿಕೊಳ್ಳುವಾಗ ಈ ಜರಿಪೇಟ ಎಲ್ಲಿ ಹೋಗಿತ್ತು? ಇವರದು ಹಾಳಾಗಲಿ, ಕಶ್ಯಪ್ ಒಂದು ಮಾತು ಕೇಳದೆ ಬಿಚ್ಚಿದನಲ್ಲ, ಅದರಿಂದ ಅವಳಿಗೆ ತಡೆಯಲಾರದಷ್ಟು ನೋವಾಯಿತು.

"ಇಳೀತೀಯಾ?" ಕಶ್ಯಪ್ ಮೆಲ್ಲಗೆ ಕೇಳಿದ.

"ಇಳಿಯಲ್ಲ. ಜರುಗು ಆಚೆ."

ನಡುದಾರಿಯಲ್ಲಿ ಕ್ಲಚ್ ಕೇಬಲ್ ಕಿತ್ತುಹೋದರೆ ಗಾಡಿಯವರೇನು ಅಳುತ್ತಾ ಕೂರುತ್ತಾರೆಯೇ? ಅವಳು ಕ್ಲಚ್ ಒತ್ತದೆಯೇ ಕಾರನ್ನು ಮೊದಲನೇ ಗೇರಿನಲ್ಲಿಟ್ಟು ಚಾವಿ ತಿರುಗಿಸಿದಳು. ಕಾರು ಜಗ್ಗಿತು, ಕುಪ್ಪಳಿಸಿತು, ನಿಂಬೆಹಣ್ಣುಗಳು ಪಚಕ್ಕೆಂದವು, ಎಂಜಿನ್ ಸ್ಟಾರ್ಟ್ ಆಯಿತು. ವಿಶ್ವಾರಾಧ್ಯರು ಪೇಟ ಹಿಡಿದುಕೊಂಡು ಪಕ್ಕಕ್ಕೆ ಹಾರಿದರು.

"ಗೇರ್‌ಬಾಕ್ಸ್ ಪುಡಿಪುಡಿ ಆಗತ್ತೆ ಕಣ್ರೀ!"

"ಆದ್ರೆ ನಾನೇ ಜೋಡಿಸ್ತೀನಿ ಸರ್. ಹೋದ್ಸಲ ಜೋಡಿಸಿದ್ದೂ ನಾನೇ!"

ರಸ್ತೆಗೆ ಬಂದ ಮೇಲೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಎಂಜಿನ್ನಿನ ಸದ್ದು ಇಳಿಯುವುದನ್ನು ಕಿವಿಗೊಟ್ಟು ಕೇಳಿ, ಹದ ನೋಡಿ ಎರಡನೇ ಗೇರಿಗೆ ತಳ್ಳಿದಳು. ಕರ್ರೆಂದಿತು, ಆದರೂ ಬಿತ್ತು. ಕಶ್ಯಪ್ ಹಿಂದೆಯೇ ಓಡಿ ಬರುತ್ತಿದ್ದ. ಅವಳು ತಿರುಗಿಯೂ ನೋಡಲಿಲ್ಲ.

ಉಮಾ ಟಾಕೀಸ್ ಸಿಗ್ನಲ್ಲಿನಲ್ಲಿ ಕೆಂಪು ದೀಪ. ಬ್ರೇಕ್ ಒತ್ತಲೇಬೇಕಾಯಿತು, ಎಂಜಿನ್ ಆಫ್ ಆಯಿತು. ಹಸಿರು ಬಂದಾಗ ಮತ್ತೆ ಚಾವಿ ತಿರುಗಿಸಿದರೆ ಬ್ಯಾಟರಿ ಕಟಕಟ ಎಂದು ಸುಮ್ಮನಾಯಿತು. ಹಿಂದಿದ್ದ ಬಸ್ಸಿನವನು ಹಾರ್ನ್ ಒತ್ತಿ ಹಿಡಿದ.

ಕಶ್ಯಪ್ ಏದುಸಿರು ಬಿಡುತ್ತಾ ಬಂದು ಬಾಗಿಲು ಹಿಡಿದುಕೊಂಡ. "ಸಾಕು ಯಶು. ಈ ಕಡೆ ಬಾ, ನಾನು ನೋಡ್ತೀನಿ."

"ತಳ್ಳು," ಎಂದಳು ಯಶಶ್ರೀ, ಗೇರನ್ನು ನ್ಯೂಟ್ರಲ್ಲಿಗೆ ಎಳೆದು.

ಅವನು ಬಾಗಿಲು ಬಿಟ್ಟ. ಆಮೇಲೆ ಹಿಂದಕ್ಕೆ ಹೋಗಿ ಡಿಕ್ಕಿಗೆ ಎರಡೂ ಕೈ ಕೊಟ್ಟ. ಬಸ್ಸಿನ ಕಂಡಕ್ಟರ್ ಬೈಯುತ್ತಲೇ ಇಳಿದು ಬಂದು ಅವನ ಪಕ್ಕದಲ್ಲಿ ನಿಂತು ಭುಜ ಕೊಟ್ಟ. ಚಕ್ರಗಳು ನಿಧಾನವಾಗಿ ಉರುಳತೊಡಗಿದವು. ಗೇರಿಗೆ ತಳ್ಳುವಷ್ಟು ವೇಗ ಬರಲೆಂದು ಕಾಯುತ್ತಾ, ಯಶಶ್ರೀ ಸ್ಟಿಯರಿಂಗನ್ನು ಬಸವನಗುಡಿಯ ಕಡೆಗೆ ನೆಟ್ಟಗೆ ಹಿಡಿದುಕೊಂಡಳು.