ನಲವತ್ತಮೂರು ಸೂಜಿಗಳು

ನಾನೂ ಅತ್ತಿಗೆಯೂ ಒಂದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆವು. ನಾನು ಮೂರನೆಯ ಮಹಡಿಯಲ್ಲಿ ಕುಳಿತು ರೋಗಿಗಳಿಗೆ ಕೊಡುವ ತಿಳಿವಳಿಕೆಯ ಹಾಳೆಗಳನ್ನೂ ಆಸ್ಪತ್ರೆಯ ವಾರ್ಷಿಕ ವರದಿಯನ್ನೂ ಬರೆಯುತ್ತಿದ್ದೆ. ಅತ್ತಿಗೆ ನೆಲಮಾಳಿಗೆಯ ಲಾಂಡ್ರಿಯಲ್ಲಿ, ವಾರ್ಡುಗಳಿಂದ ಗಂಟುಗಂಟಾಗಿ ಬರುವ ಬೆಡ್‌ಶೀಟು, ಗೌನುಗಳನ್ನು ಯಂತ್ರಕ್ಕೆ ಹಾಕುವ ಮೊದಲು ಬೇರೆಬೇರೆ ಮಾಡುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ನನ್ನನ್ನು ಓದಿಸಿದ್ದು ಆ ಕೆಲಸವೇ. ಸೋಪಿಗೆ ಬಿರುಕುಬಿಟ್ಟ ಅವರ ಬೆರಳುಗಳನ್ನು ನಾನು ಒಂದು ಕಥೆಯಲ್ಲಿ ಬಳಸಿಕೊಂಡಿದ್ದೆ. ಅದಕ್ಕೆ ಬಹುಮಾನ ಬಂದಾಗ ಓದಿ ಹೇಳು ಅಂದರು. ಪೂರ್ತಿ ಕೇಳಿಸಿಕೊಂಡು, "ನಿನ್ನ ಕಥೇಲಿ ಹೆಂಗಸರಿಗೆ ಬರೀ ಮನಸ್ಸು ನೋಯುತ್ತೆ ಕಣೋ, ಸೊಂಟ ನೋಯೋದೇ ಇಲ್ಲ," ಎಂದು ನಕ್ಕರು.

ಬಟ್ಟೆಯ ಮಡಿಕೆಗಳಲ್ಲಿ ಸೂಜಿಗಳು ಬರುತ್ತಿದ್ದವು. ವಾರ್ಡಿನವರು ಅವಸರದಲ್ಲಿ ಇಂಜೆಕ್ಷನ್ ಚುಚ್ಚಿ, ಹಾಸಿಗೆಯ ಮೇಲೆಯೇ ಮರೆತುಬಿಟ್ಟಂಥವು. ದಪ್ಪ ಕೈಗವಸು ಕೊಡಿ ಎಂದು ಲಾಂಡ್ರಿಯ ಹೆಂಗಸರು ಎರಡು ವರ್ಷದಿಂದ ಕೇಳುತ್ತಿದ್ದರು. ಸಿಗುತ್ತಿದ್ದುದು ಹಾಲಿನ ಕೆನೆಯಷ್ಟು ತೆಳ್ಳಗಿನ ರಬ್ಬರಿನವು. ಅತ್ತಿಗೆಯ ಪಕ್ಕದಲ್ಲಿ ನಿಲ್ಲುತ್ತಿದ್ದವಳಿಗೆ ಎರಡು ಸಲ ಚುಚ್ಚಿತು. ಬಾಯಿಗೆ ಬಿಡುವಿಲ್ಲದ ಅವಳನ್ನು ಎಲ್ಲರೂ ರೇಡಿಯೋ ಅನ್ನುತ್ತಿದ್ದರು. ಮೂರು ತಿಂಗಳ ಮೇಲೆ ಅವಳು ಕಾಮಾಲೆಯಿಂದ ಮಲಗಿದಳು. ಚಿಕಿತ್ಸೆಗೆ ಸಹಾಯ ಕೇಳಿದ್ದಕ್ಕೆ ಆಡಳಿತಾಧಿಕಾರಿಗಳು, ಲಾಂಡ್ರಿಗೆ ಸೂಜಿ ಬರುವುದೇ ಇಲ್ಲ, ಕಾಯಿಲೆ ಹೊರಗಿನಿಂದ ತಂದುಕೊಂಡದ್ದು ಎಂದು ಪತ್ರ ಕೊಟ್ಟರು. ಆ ಪತ್ರದ ವಾಕ್ಯಗಳನ್ನು ತಿದ್ದಿಕೊಟ್ಟವನು ನಾನು.

ಆಮೇಲೆ ಒಂದು ವಾರ ಊಟ ಸೇರಲಿಲ್ಲ. ನನ್ನ ಕಥೆಗಳನ್ನು ಅಚ್ಚು ಹಾಕುತ್ತಿದ್ದ ಪತ್ರಿಕೆಯ ಸಂಪಾದಕರ ಬಳಿ ಹೋದೆ. ಬರೆಯಿರಿ, ಆದರೆ ಕೈಯಲ್ಲಿ ಪುರಾವೆ ಇರಲಿ ಅಂದರು. ಸಿಕ್ಕ ಸೂಜಿಗಳನ್ನು ಒಂದು ತಿಂಗಳು ಎಸೆಯದೆ ಕೂಡಿಟ್ಟು ತಂದುಕೊಡಿ ಎಂದು ಅತ್ತಿಗೆಗೆ ಹೇಳಿದೆ. ಅವರು ತೊಳೆದ ತಟ್ಟೆಯನ್ನೇ ಮತ್ತೆ ಒರೆಸುತ್ತ ನಿಂತರು.

"ಸಿಕ್ಕಿಬಿದ್ರೆ?"

"ನಾನಿದ್ದೀನಲ್ಲ ಅತ್ತಿಗೆ."

ತಿಂಗಳ ಕೊನೆಯ ದಿನ ಕೆಲಸ ಬಿಟ್ಟು ಹೊರಡುವಾಗ ಗೇಟಿನ ಕಾವಲುಗಾರ ಅವರ ಚೀಲ ತಡಕಿದ. ಮುಲಾಮಿನ ಡಬ್ಬಿಯೊಂದರಲ್ಲಿ ನಲವತ್ತಮೂರು ಸೂಜಿಗಳಿದ್ದವು.

ಮೂರು ದಿನಕ್ಕೆ ವಿಚಾರಣೆ ಇಟ್ಟರು. ಗುಮಾಸ್ತ ರಜೆಯಲ್ಲಿದ್ದ. ಆಡಳಿತಾಧಿಕಾರಿಗಳು ನನ್ನನ್ನು ಕರೆದು ನಡಾವಳಿ ಬರೆಯಲು ಹೇಳಿದರು. "ನಿಮ್ಮ ಅತ್ತಿಗೆ ಅಂತ ಗೊತ್ತು. ಒಳ್ಳೇದೇ ಆಯ್ತು. ನಾವು ಬೇಕಂತ ತಿರುಚಿದ್ವಿ ಅಂತ ನಾಳೆ ಯಾರೂ ಅನ್ನೋ ಹಾಗಿಲ್ಲ."

ಕೋಣೆಯಲ್ಲಿ ಆರು ಕುರ್ಚಿಗಳಿದ್ದವು, ಇದ್ದವರು ನಾಲ್ಕೇ ಜನ. ಅತ್ತಿಗೆ ನಿಂತೇ ಇದ್ದರು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಧಿಕಾರಿಗಳು ದನಿ ಏರಿಸದೆ ಮಾತಾಡಿದರು. ಲಾಂಡ್ರಿಗೆ ಸೂಜಿ ಬರುವುದಿಲ್ಲ ಎಂದು ಪತ್ರವೇ ಇದೆ, ಹಾಗಾದರೆ ಇವು ವಾರ್ಡಿನಿಂದ ಕದ್ದವೇ ಆಗಬೇಕು ಅಂದರು.

"ಬಟ್ಟೇಲೇ ಸಿಕ್ಕಿದ್ದು ಸರ್."

"ಸಿಕ್ಕಿದ್ರೆ ಎಸೀಬೇಕಿತ್ತು. ಯಾಕೆ ಕೂಡಿಟ್ರಿ? ಯಾರು ಹೇಳಿಕೊಟ್ರು?"

ನಾನು ಪ್ರಶ್ನೆಯನ್ನು ಬರೆದು, ಉತ್ತರಕ್ಕೆಂದು ಒಂದು ಸಾಲು ಬಿಟ್ಟು ಕಾದೆ. ಅತ್ತಿಗೆ ನನ್ನ ಕಡೆ ನೋಡಲಿಲ್ಲ. ಮೇಜಿನ ಅಂಚಿನಲ್ಲಿ ಬಣ್ಣ ಎದ್ದುಹೋದ ಜಾಗವನ್ನು ನೋಡುತ್ತಿದ್ದರು. ಫ್ಯಾನಿನ ಗಾಳಿಗೆ ನನ್ನ ಹಾಳೆಯ ತುದಿ ಏಳುತ್ತಿತ್ತು, ಅದನ್ನು ಎಡಗೈಯಿಂದ ಒತ್ತಿ ಹಿಡಿದಿದ್ದೆ. ಅವರು ಒಂದು ಸಲ ನೋಡಿದ್ದರೆ ನಾನೇ ಬಾಯಿಬಿಡುತ್ತಿದ್ದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಈಗ ಹಾಗೆ ಹೇಳಿಕೊಳ್ಳುವುದಿಲ್ಲ.

"ಉತ್ತರ ಇಲ್ಲ ಅಂತ ಬರ್ಕೊಳ್ಳಿ," ಅಂದರು ಅಧಿಕಾರಿಗಳು. ಬರೆದುಕೊಂಡೆ.

ಸಹಿಗೆ ಮೊದಲು ಓದಿ ಹೇಳಬೇಕೆಂಬ ನಿಯಮ. ಓದಿದೆ. ಅತ್ತಿಗೆ ಗಮನವಿಟ್ಟು ಕೇಳಿ, "ಬಟ್ಟೇಲಿ ಸಿಕ್ತು ಅಂದೆನಲ್ಲ, ಅದೆಲ್ಲಿದೆ?" ಎಂದು ಕೇಳಿದರು.

ಅದು ಇರಲಿಲ್ಲ. ಆ ಮಾತು ಬಂದಾಗ ಅಧಿಕಾರಿಗಳು ನನ್ನತ್ತ ತಿರುಗಿ ಸಣ್ಣಗೆ ಕೈ ಆಡಿಸಿದ್ದರು, ನಾನು ಹಾಳೆಯಿಂದ ಪೆನ್ನು ಎತ್ತಿಬಿಟ್ಟಿದ್ದೆ. ಪತ್ರಕ್ಕೆ ವಿರುದ್ಧವಾದ ಹೇಳಿಕೆಯನ್ನು ಸೇರಿಸಲು ಬರುವುದಿಲ್ಲ ಎಂದು ಅಧಿಕಾರಿಗಳೇ ವಿವರಿಸಿದರು. ಆಗ ಅತ್ತಿಗೆ ನನ್ನನ್ನು ನೋಡಿದರು.

"ಓ, ಹೌದಾ," ಎಂದು ಸಹಿ ಹಾಕಿದರು.

ಕೆಲಸ ಹೋಯಿತು. ಆ ವಾರವೇ ನಾನು ಹನ್ನೊಂದು ಪುಟದ ಲೇಖನ ಬರೆದೆ. ಸೂಜಿ ಕೂಡಿಡಲು ಹೇಳಿದವನು ನಾನೇ ಎಂಬುದನ್ನೂ ಬಿಡಲಿಲ್ಲ. ಸಂಪಾದಕರು ಆಸ್ಪತ್ರೆಗೆ ಫೋನು ಮಾಡಿದರು, ಅಲ್ಲಿಂದ ನಡಾವಳಿಯ ಪ್ರತಿ ಕಳಿಸಿಕೊಟ್ಟರು. ಸಂಪಾದಕರು ಅದನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿಟ್ಟು, "ಸೂಜಿ ಬಟ್ಟೇಲಿ ಸಿಕ್ತು ಅಂತ ಇದರಲ್ಲಿ ಒಂದು ಮಾತೂ ಇಲ್ಲ. ಅಕ್ಷರ ನಿಮ್ಮದೇ ಅಲ್ವಾ?" ಅಂದರು. ಆಮೇಲೆ ಮರುಕದಿಂದಲೇ, ಇದನ್ನು ಕಥೆ ಮಾಡಿಕೊಡಿ, ವಿಶೇಷ ಸಂಚಿಕೆಗೆ ಹಾಕುತ್ತೇನೆ ಅಂದರು.

ಬೇರೆ ಸಾಕ್ಷಿ ಸಿಗಬಹುದೆಂದು ನೆಲಮಾಳಿಗೆಗೆ ಇಳಿದೆ. ಅಲ್ಲಿಗೆ ನಾನು ಹೋದದ್ದು ಅದೇ ಮೊದಲು. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಮಾತಾಡುತ್ತಿದ್ದ ಹೆಂಗಸರು ನನ್ನನ್ನು ಕಂಡು ಬಟ್ಟೆಗಂಟುಗಳ ಕಡೆ ಬಾಗಿದರು. ಎಲ್ಲರಿಗಿಂತ ಹಿರಿಯಳು ಬೆಡ್‌ಶೀಟು ಒದರುತ್ತಲೇ, "ಇಲ್ಲಿ ಸೂಜಿ ಎಲ್ಲಿ ಬರುತ್ತೆ ಸರ್? ನೀವೇ ಬರೆದಿದ್ದೀರಲ್ಲ," ಅಂದಳು. ಅವಳ ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತಿತ್ತು, ನಡುವೆ ಒಂದು ಕೆಂಪು ಚುಕ್ಕೆ. ರೇಡಿಯೋ ಹೇಗಿದ್ದಾಳೆ ಎಂದು ಕೇಳಿದೆ. ತೀರಿಹೋಗಿ ಒಂಬತ್ತು ದಿನವಾಯಿತು ಅಂದಳು.

ನಾನು ಕೆಲಸ ಬಿಡಲಿಲ್ಲ. ಇಬ್ಬರೂ ಮನೆಯಲ್ಲಿ ಕೂತರೆ ಆಗುತ್ತದೆಯೇ ಎಂದು ಅತ್ತಿಗೆಯೇ ತಡೆದರು. ಬೈಯಲಿಲ್ಲ, ಆ ದಿನದ ಮಾತು ಎತ್ತಲಿಲ್ಲ, ನನ್ನ ಅಂಗಿಯನ್ನು ಮೊದಲಿನ ಹಾಗೆಯೇ ಇಸ್ತ್ರಿ ಮಾಡಿ ಇಡುತ್ತಿದ್ದರು. ಈಚೆಗೆ ಏನು ಬರೀತಿದ್ದೀಯ ಎಂದು ಕೇಳುವುದನ್ನು ಮಾತ್ರ ನಿಲ್ಲಿಸಿದರು.

ಹೋದ ಭಾನುವಾರ ಒಂದು ಅರ್ಜಿ ನಮೂನೆ ತಂದು ನನ್ನ ಮುಂದೆ ಇಟ್ಟರು. ಯಾವುದೋ ಕಚೇರಿಯ ಮೆಟ್ಟಿಲು ಒರೆಸುವ ಕೆಲಸ. ಹೆಸರು, ವಯಸ್ಸು, ವಿಳಾಸ ತುಂಬಿದೆ. ಮುಂದಿನ ಸಾಲಿಗೆ ಬಂದು ನಿಂತೆ.

"ಹಿಂದಿನ ಕೆಲಸ ಯಾಕೆ ಬಿಟ್ರಿ ಅಂತ ಕೇಳಿದ್ದಾರೆ ಅತ್ತಿಗೆ. ಏನು ಬರೀಲಿ?"

ಅವರು ಕಿಟಕಿಯ ಬಳಿ ಕೂತು ನನ್ನ ಅಂಗಿಗೆ ಗುಂಡಿ ಹಾಕುತ್ತಿದ್ದರು. ದಾರವನ್ನು ಹಲ್ಲಿನಿಂದ ಕಡಿದು, "ಅವರಿಗೆ ಏನು ಬೇಕೋ ಅದನ್ನ ಬರಿ," ಅಂದರು. "ನಿನಗೆ ಗೊತ್ತಲ್ಲ."

ಸ್ವಂತ ಕಾರಣಗಳಿಂದ ಎಂದು ಬರೆದು, ಸಹಿಯ ಜಾಗವನ್ನು ಬೆರಳಿನಿಂದ ತೋರಿಸಿದೆ.